ಹೆಕ್ಸೇನ್ ಅಂದರೇನು ಅಂತ ಗೇಟಿನ ಹೊರಗಿನವರಿಗೂ ಹೇಳಿ: ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಅಕ್ಕಿ ತೌಡಿನಲ್ಲಿ ಎಣ್ಣೆ ಇರುವುದೇ ನೂರಕ್ಕೆ 15ರಿಂದ 20 ಪಾಲು. ಹಿಂಡಿದರೆ ಪೂರ್ತಿ ಬರುವುದಿಲ್ಲ. ಹಾಗಾಗಿ ಸಾಲ್ವೆಂಟ್ ಪ್ಲಾಂಟ್‌ಗಳಲ್ಲಿ ಪೆಟ್ರೋಲಿಯಂನಿಂದ ಬರುವ ಹೆಕ್ಸೇನ್ ಎಂಬ ದ್ರಾವಕ (ಸಾಲ್ವೆಂಟ್) ಸುರಿದು ಎಣ್ಣೆ ಕರಗಿಸುತ್ತಾರೆ, ಆಮೇಲೆ ಕಾಯಿಸಿ ಹೆಕ್ಸೇನನ್ನು ಬೇರೆ ಮಾಡಿ ಮತ್ತೆ ಬಳಸುತ್ತಾರೆ. ಭತ್ತ, ಹತ್ತಿ ಬೆಳೆಯುವ ನಮ್ಮ ಜಿಲ್ಲೆಗೆ ಈ ಉದ್ಯಮ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಕ್ಕಪಕ್ಕ ಇರುವವರಿಗೆ ಒಳಗೆ ಏನಿದೆ ಅಂತಲೇ ಗೊತ್ತಿಲ್ಲ.

ಹೆಕ್ಸೇನ್ ನೋಡೋಕೆ ನೀರಿನ ಹಾಗೆ, ವಾಸನೆ ಪೆಟ್ರೋಲಿನದ್ದು. ಸೊನ್ನೆಗಿಂತ 22 ಡಿಗ್ರಿ ಕೆಳಗಿನ ಚಳಿಯಲ್ಲೂ ಬೆಂಕಿ ಹತ್ತುವಷ್ಟು ಆವಿ ಬರುತ್ತದೆ ಅಂದಮೇಲೆ, 40 ದಾಟುವ ನಮ್ಮ ಬೇಸಿಗೆಯಲ್ಲಿ ಹೇಗಿರಬೇಡ? ಆ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿದು ಚರಂಡಿಗೆ ಇಳಿಯುತ್ತದೆ. 1981ರ ಫೆಬ್ರವರಿ 13ರಂದು ಅಮೆರಿಕದ ಲೂಯಿವಿಲ್ ಊರಲ್ಲಿ ಸೋಯಾ ಎಣ್ಣೆ ಕಾರ್ಖಾನೆಯಿಂದ ಚರಂಡಿ ಸೇರಿದ ಹೆಕ್ಸೇನ್‌ಗೆ, ರಸ್ತೆಯಲ್ಲಿ ಹೋಗುತ್ತಿದ್ದ ಕಾರಿನ ಕಿಡಿ ತಗುಲಿ ಮೈಲಿಗಟ್ಟಲೆ ರಸ್ತೆ ಸಿಡಿದುಹೋಯಿತು. ಬೆಳಗಿನ ಜಾವವಾದ್ದರಿಂದ ಪ್ರಾಣ ಉಳಿಯಿತು ಅಷ್ಟೇ.

ಬೆಂಕಿ ಕಣ್ಣಿಗೆ ಕಾಣುತ್ತದೆ, ನರದ ಹಾನಿ ಕಾಣುವುದಿಲ್ಲ. ಹೆಕ್ಸೇನ್ ಆವಿ ತಿಂಗಳುಗಟ್ಟಲೆ ಉಸಿರಿಗೆ ಹೋದರೆ ಮೊದಲು ಕಾಲ್ಬೆರಳು, ಆಮೇಲೆ ಕೈ ಜೋಮು ಹಿಡಿಯುತ್ತವೆ, ಕೊನೆಗೆ ನಡೆಯೋಕೂ ಆಗುವುದಿಲ್ಲ. ಗ್ರೀಸ್ ಹತ್ತಿದ ಕೈಯನ್ನು ಇದರಲ್ಲೇ ತೊಳೆಯುವ ಹುಡುಗರನ್ನು ನಾನೇ ನೋಡಿದ್ದೇನೆ. ಚರ್ಮದ ಮೂಲಕವೂ ಒಳಗೆ ಹೋಗುತ್ತೆ ಅಂತ ಅವರಿಗೆ ಯಾರೂ ಹೇಳಿಲ್ಲ. ನೈಟ್ರೈಲ್ ಕೈಗವಸು, ಸರಿಯಾದ ಫಿಲ್ಟರ್ ಇರುವ ಮಾಸ್ಕ್ ಕೊಡೋದು ಮಾಲೀಕರಿಗೆ ದೊಡ್ಡ ಖರ್ಚಾ? ಮುಖಕ್ಕೆ ಕಟ್ಟುವ ಟವೆಲ್ ಆವಿಯನ್ನು ತಡೆಯುವುದಿಲ್ಲ.

ಸರ್, 1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಸಮಿತಿಗೆ ನೀವೇ ಅಧ್ಯಕ್ಷರು, 45 ದಿನಕ್ಕೊಮ್ಮೆ ಸಭೆ ಸೇರಬೇಕು. ಮುಂದಿನ ಸಭೆಯಲ್ಲಿ ಸಾಲ್ವೆಂಟ್ ಪ್ಲಾಂಟ್‌ಗಳ ವಿಷಯ ತೆಗೆದುಕೊಳ್ಳಿ. ಟ್ಯಾಂಕರ್ ಖಾಲಿ ಮಾಡುವಾಗ ಕಿಡಿ ಹಾರದಂತೆ ಅರ್ಥಿಂಗ್ ವೈರ್ ಹಾಕುತ್ತಾರಾ, ಪ್ಲಾಂಟಿನ ಮೋರಿ ಊರಿನ ಚರಂಡಿಗೆ ಸೇರುತ್ತದಾ ಅಂತ ಅಧಿಕಾರಿಗಳು ಹೇಳದೆ ಹೋಗಿ ನೋಡಲಿ. ಕಾರ್ಮಿಕರಿಗೆ ವರ್ಷಕ್ಕೊಮ್ಮೆ ನರದ ತಪಾಸಣೆ ಮಾಡಿಸಿ. ಹೆಕ್ಸೇನ್ ನೀರಿನ ಮೇಲೆ ತೇಲುತ್ತದೆ, ಬಿಂದಿಗೆಯಲ್ಲಿ ನೀರು ಹಿಡಿದು ಓಡಿಬಂದರೆ ಬೆಂಕಿ ಜಾಸ್ತಿ ಹರಡುತ್ತದೆ, ಇದಕ್ಕೆ ನೊರೆ ಅಥವಾ ಒಣ ಪುಡಿಯೇ ಬೇಕು. ಇಷ್ಟನ್ನಾದರೂ ಪ್ರತಿ ಗೇಟಿನ ಮೇಲೆ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಸಿ, ಬೇಸಿಗೆ ಶುರುವಾಗುವ ಮೊದಲೇ.

ಇಂತಿ,
ರಾಯಚೂರಿನ ಒಬ್ಬ ನಿವಾಸಿ