ಅಪ್‌ಡೇಟ್‌ಗೆ ಮುನ್ನ ರಿಕವರಿ ಕೀ: ನಮ್ಮ ಸೇವಾಕ್ರಮದಲ್ಲಿ ಬದಲಾವಣೆ

ಶಿರಸಿ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ, ನಮ್ಮ ಅಂಗಡಿಗೆ ಬರುವ ಯಾವುದೇ ಕಂಪ್ಯೂಟರಿಗೆ ವಿಂಡೋಸ್ ಅಥವಾ ಬಯೋಸ್ (ಯಂತ್ರವನ್ನು ಶುರು ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡುವ ಮುನ್ನ ಅದರ ಡಿಸ್ಕಿನ ಬೀಗ ತೆರೆಯುವ ಅಂಕಿಗಳಾದ ರಿಕವರಿ ಕೀಯನ್ನು ಮುದ್ರಿಸಿ ತಮ್ಮ ಕೈಗೆ ಕೊಟ್ಟು, ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದ ನಂತರವೇ ಕೆಲಸ ಆರಂಭಿಸುತ್ತೇವೆ. ಹೀಗಾಗಿ ಇದುವರೆಗೆ ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯುತ್ತಿದ್ದ ಕಂಪ್ಯೂಟರ್ ಇನ್ನು ಮುಂದೆ ಮರುದಿನ ಸಿಗುತ್ತದೆ. ಈ ವಿಳಂಬದ ಕಾರಣವನ್ನು ತಮಗೆ ಸರಿಯಾಗಿ ತಿಳಿಸಬೇಕಾದದ್ದು ನಮ್ಮ ಕರ್ತವ್ಯ.

ಕಳೆದ ಆಷಾಢದಲ್ಲಿ ಸಿದ್ದಾಪುರ ಕಡೆಯ ಅಡಿಕೆ ವ್ಯಾಪಾರಸ್ಥರೊಬ್ಬರು ಸುರಿಯುವ ಮಳೆಯಲ್ಲಿ ತಮ್ಮ ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಸುತ್ತಿಕೊಂಡು ತಂದರು. ಹಿಂದಿನ ರಾತ್ರಿ ಅಪ್‌ಡೇಟ್ ಆಗಿತ್ತು. ಬೆಳಿಗ್ಗೆ ತೆರೆದರೆ ನೀಲಿ ಪರದೆಯ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತಿತ್ತು. ಲಾಗಿನ್ ಪಾಸ್‌ವರ್ಡ್, ಫೋನ್ ನಂಬರ್ ಎಂದು ಅವರು ಏನೇನೋ ಒತ್ತಿ ನೋಡಿದ್ದರು. ಆ ಲ್ಯಾಪ್‌ಟಾಪನ್ನು ಮಾರಿದವರು ನಾವೇ. ಮಾರುವಾಗ ಬೇಗ ಮುಗಿಯಲೆಂದು ನಮ್ಮ ಹುಡುಗರು ಒಂದು ಹೊಸ ಇಮೇಲ್ ವಿಳಾಸ ಸೃಷ್ಟಿಸಿ, ಅದರಿಂದಲೇ ಮೈಕ್ರೋಸಾಫ್ಟ್ ಖಾತೆ ತೆರೆದು ಕೊಟ್ಟಿದ್ದರು. ಕೀ ಇದ್ದದ್ದು ಆ ಖಾತೆಯಲ್ಲಿ. ಅದರ ಪಾಸ್‌ವರ್ಡ್ ನಮ್ಮ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಜೋಡಿಸಿದ್ದ ಫೋನ್ ನಂಬರ್ ಕೆಲಸ ಬಿಟ್ಟು ಹೋದ ಹುಡುಗನದಾಗಿದ್ದು, ಅದೂ ಬಂದಾಗಿತ್ತು. ಎರಡು ದಿನ ಪ್ರಯತ್ನಿಸಿ ಕೊನೆಗೆ ಫಾರ್ಮ್ಯಾಟ್ ಮಾಡಬೇಕಾಯಿತು. ಮೂರು ವರ್ಷದ ಲೆಕ್ಕವನ್ನು ಅವರು ಮುದ್ರಿತ ಲೆಡ್ಜರುಗಳನ್ನು ನೋಡಿ ಪುನಃ ಟೈಪ್ ಮಾಡಿಸಿದರು. ಈ ತಪ್ಪು ಪೂರ್ತಿಯಾಗಿ ನಮ್ಮದು. ಅವರಲ್ಲಿ ಕ್ಷಮೆ ಕೇಳಿದ್ದೇವೆ. ಅದೇ ರೀತಿ ಖಾತೆ ತೆರೆಸಿಕೊಂಡ ಉಳಿದ ಗ್ರಾಹಕರಲ್ಲೂ ಈ ಪತ್ರದ ಮೂಲಕ ಕ್ಷಮೆ ಕೇಳುತ್ತಿದ್ದೇವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಕಾರಣ ಅನೇಕರು ವಿಂಡೋಸ್ 11 ಇರುವ ಹೊಸ ಯಂತ್ರ ಕೊಂಡಿದ್ದೀರಿ. ಇಂಥ ಬಹುತೇಕ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಅದಕ್ಕೆ ಬೀಗ ಬೀಳುತ್ತದೆ. ಅದನ್ನು ಬಿಡಿಸುವ ಕೀಯನ್ನು ಯಂತ್ರದೊಳಗಿನ ಟಿಪಿಎಂ ಎಂಬ ಭದ್ರತಾ ಭಾಗ ಕಾಯುತ್ತಿದ್ದು, ಪ್ರತಿ ಬಾರಿ ಯಂತ್ರ ಶುರುವಾಗುವಾಗ ಬಯೋಸ್ ಮತ್ತು ವಿಂಡೋಸನ್ನು ಶುರು ಮಾಡುವ ಬೂಟ್ ಕಡತಗಳು ಹಿಂದಿನಂತೆಯೇ ಇವೆಯೇ ಎಂದು ತಾಳೆ ನೋಡುತ್ತದೆ. ಅಪ್‌ಡೇಟಿನಿಂದ ಅವುಗಳಲ್ಲಿ ವ್ಯತ್ಯಾಸವಾಗಿದ್ದರೆ ಕೆಲವೊಮ್ಮೆ ಕೀಯನ್ನು ಬಿಟ್ಟುಕೊಡದೆ ಮಾಲೀಕರನ್ನೇ ಕೇಳುತ್ತದೆ. ಯಂತ್ರ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಆದರೆ ಕೀ ಎಲ್ಲಿಯೂ ಸಿಗದಿದ್ದರೆ ನಾವಾಗಲೀ ಮೈಕ್ರೋಸಾಫ್ಟ್ ಆಗಲೀ ಡಿಸ್ಕಿನಲ್ಲಿರುವುದನ್ನು ತೆಗೆದುಕೊಡಲಾರೆವು.

ಇನ್ನು ಮುಂದೆ ಹೊಸ ಯಂತ್ರಕ್ಕೆ ಖಾತೆ ತೆರೆಯುವುದು ತಮ್ಮ ಸಮಕ್ಷಮದಲ್ಲಿ, ತಮ್ಮದೇ ಇಮೇಲ್ ಮತ್ತು ಫೋನ್ ನಂಬರಿನಿಂದ ಮಾತ್ರ. ಬಯೋಸ್ ಅಪ್‌ಡೇಟ್ ಇದ್ದಲ್ಲಿ ಡಿಸ್ಕಿನ ಈ ರಕ್ಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿದು, ಮುಗಿದ ಮೇಲೆ ಪುನಃ ಚಾಲೂ ಮಾಡುತ್ತೇವೆ. ಮುದ್ರಿಸಿದ ಕೀಯ ಎರಡು ಪ್ರತಿಗಳನ್ನೂ ತಮಗೇ ಕೊಡುತ್ತೇವೆ. ಪಾಸ್‌ಬುಕ್ಕಿನ ಜೊತೆ ಒಂದನ್ನು ಇಡಿ, ಲ್ಯಾಪ್‌ಟಾಪಿನ ಚೀಲದಲ್ಲಂತೂ ಇಡಬೇಡಿ. ಕೀ ಮತ್ತು ಯಂತ್ರ ಎರಡೂ ಒಬ್ಬರ ಕೈಗೆ ಸಿಕ್ಕರೆ ಡಿಸ್ಕ್ ತೆರೆಯಬಹುದಾದ್ದರಿಂದ ಅಂಗಡಿಯಲ್ಲಿ ಪ್ರತಿ ಇಟ್ಟುಕೊಳ್ಳುವುದಿಲ್ಲ. ಡೆಸ್ಕ್‌ಟಾಪ್ ಮೇಲಿನ ನುಡಿ ಕಡತಗಳು, ಟ್ಯಾಲಿಯ ಡೇಟಾ ಫೋಲ್ಡರ್, ಫೋಟೋಗಳು ಇವುಗಳ ಪ್ರತಿಗೆ ತಮ್ಮದೇ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್ ತರಬೇಕು. ಕೀ ಮುದ್ರಣಕ್ಕೆ ಶುಲ್ಕವಿಲ್ಲ. ನಾವೇ ಖಾತೆ ತೆರೆದುಕೊಟ್ಟ ಯಂತ್ರಗಳಿಗೆ ಪ್ರತಿ ತೆಗೆಯುವ ಶುಲ್ಕವೂ ಇಲ್ಲ.

ವಾರ್ಷಿಕ ಸೇವಾ ಒಪ್ಪಂದದಲ್ಲಿರುವ ಕಚೇರಿ ಮತ್ತು ಸೊಸೈಟಿಗಳಲ್ಲಿ ಇನ್ನೊಂದು ಬದಲಾವಣೆಯಿದೆ. ಮೈಕ್ರೋಸಾಫ್ಟಿನ ಮಾಸಿಕ ಅಪ್‌ಡೇಟ್ ಅಮೆರಿಕದ ಲೆಕ್ಕದಲ್ಲಿ ತಿಂಗಳ ಎರಡನೇ ಮಂಗಳವಾರ ಹೊರಡುತ್ತದೆ. ಅದನ್ನು ಒಂದು ವಾರ ತಡೆದು, ಬೇರೆಡೆ ತೊಂದರೆಯ ಸುದ್ದಿ ಇಲ್ಲವೆಂದು ನೋಡಿಕೊಂಡು, ತಮ್ಮ ವಹಿವಾಟು ಮುಗಿದ ಮೇಲೆ ಹಾಕುತ್ತೇವೆ. ಅದಕ್ಕಿಂತ ಹೆಚ್ಚು ಮುಂದೂಡುವುದು ಸುರಕ್ಷತೆಯ ದೃಷ್ಟಿಯಿಂದ ಸರಿಯಲ್ಲ.

ಮಳೆಗಾಲದಲ್ಲಿ ಲೈನಿನ ಮೇಲೆ ಟೊಂಗೆ ಬಿದ್ದು ಕರೆಂಟು ಹೋಗುವುದು ನಮ್ಮಲ್ಲಿ ದಿನದ ಮಾತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಮರುದಿನ ವಿಂಡೋಸ್ ತೆರೆಯದೇ ಇರಬಹುದು. ಆಗ ಮೊದಲು ಪೆನ್ ಡ್ರೈವ್, ಪ್ರಿಂಟರ್ ಎಲ್ಲವನ್ನೂ ಬಿಚ್ಚಿ ಚಾಲೂ ಮಾಡಿ ನೋಡಿ. ಮರೆತು ಬಿಟ್ಟ ಪೆನ್ ಡ್ರೈವಿನಿಂದಲೇ ಬೂಟ್ ತಪ್ಪಿದ ಯಂತ್ರಗಳನ್ನು ನಾವು ಹಲವು ಸಲ ನೋಡಿದ್ದೇವೆ. ಶೇಕಡಾವಾರು ಸಂಖ್ಯೆ ನಿಂತಂತೆ ಕಂಡರೂ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕಾಯಿರಿ. ಹಳೆಯ ಹಾರ್ಡ್ ಡಿಸ್ಕಿಗೆ ಒಂದು ಗಂಟೆಗಿಂತ ಹೆಚ್ಚು ಬೇಕಾಗಬಹುದು. ಎರಡು ಮೂರು ಬಾರಿ ಬೂಟ್ ವಿಫಲವಾದ ಮೇಲೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒತ್ತಿ ಕೊನೆಯ ಅಪ್‌ಡೇಟನ್ನು ತೆಗೆಯಬಹುದು. ಈ ಹಂತದಲ್ಲೂ ರಿಕವರಿ ಕೀ ಬೇಕಾಗಬಹುದು. ‘ರಿಸೆಟ್ ದಿಸ್ ಪಿಸಿ’ ಎಂಬುದನ್ನು ಮಾತ್ರ ನಮಗೆ ಫೋನ್ ಮಾಡದೆ ಒತ್ತಬೇಡಿ.

ಯಂತ್ರ ಈಗ ಚೆನ್ನಾಗಿ ನಡೆಯುತ್ತಿರುವಾಗಲೇ ಒಮ್ಮೆ ಅಂಗಡಿಗೆ ತಂದು ಕೀ ಮುದ್ರಿಸಿಕೊಂಡು ಹೋಗಬೇಕೆಂದು ವಿನಂತಿಸುತ್ತೇವೆ. ಬರುವಾಗ ಚಾರ್ಜರ್ ಜೊತೆಗೆ, ಖಾತೆಗೆ ಜೋಡಿಸಿರುವ ನಂಬರಿನ ಫೋನನ್ನೂ ತನ್ನಿ. ಒಟಿಪಿ ಅದಕ್ಕೇ ಬರುತ್ತದೆ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಕಂಪ್ಯೂಟರ್ ಮಾರಾಟ ಮತ್ತು ದುರಸ್ತಿ ವಿಭಾಗ