ಒಂದು ಹೆಸರು ಅಳಿಸಲು 80 ರೂಪಾಯಿ: ಆಳಂದದ ತನಿಖೆ ಮೇಲಿನವರೆಗೂ ಹೋಗಲಿ

ಮಾನ್ಯ ಸಂಪಾದಕರೇ,

ನಾನು ಕಲಬುರಗಿ ಜಿಲ್ಲೆಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಕೆಲವು ವರ್ಷ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಆಗಿ ಮತದಾರರ ಪಟ್ಟಿ ಕೆಲಸವನ್ನೂ ಮಾಡಿದ್ದೇನೆ. ಅದಕ್ಕೇ ಆಳಂದದ ವಿಷಯ ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಫಾರ್ಮ್ 7 ಅಂತಾರಲ್ಲ, ಅದೇ. ಪರಿಶೀಲನೆ ಮಾಡಿದಾಗ ಸರಿ ಇದ್ದದ್ದು ಬರೀ 24. ಉಳಿದ 5,994 ಸುಳ್ಳು. ಅದು ಬಯಲಿಗೆ ಬಂದದ್ದೂ ಒಬ್ಬ ಬಿಎಲ್‌ಒಯಿಂದಲೇ. ತನ್ನ ಸ್ವಂತ ಸಹೋದರನ ಹೆಸರು ತೆಗೆಯಲು ಅರ್ಜಿ ಬಂದದ್ದನ್ನು ನೋಡಿ ಆಕೆ ವಿಚಾರಿಸಿದರು, ಸಹೋದರ ಊರಲ್ಲೇ ಇದ್ದರು, ಅರ್ಜಿ ಯಾರ ಹೆಸರಿನಲ್ಲಿ ಬಂದಿತ್ತೋ ಅವರಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಆಕೆ ಅವತ್ತು ಸುಮ್ನೆ ಸಹಿ ಹಾಕಿ ಮುಂದೆ ಕಳಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. 2018ರಲ್ಲಿ ಅದೇ ಕ್ಷೇತ್ರದ ಗೆಲುವಿನ ಅಂತರ 697 ಮತ. ಆರು ಸಾವಿರ ಎಲ್ಲಿ, 697 ಎಲ್ಲಿ?

ಈ ಕೆಲಸ ಹೇಗಿರುತ್ತದೆ ಅಂತ ನಾನು ಕಂಡಿದ್ದನ್ನೇ ಹೇಳುತ್ತೇನೆ. ಒಂದು ಸಲ ನನ್ನ ಬೂತಿನ ಒಬ್ಬ ಅಜ್ಜಿಯ ಹೆಸರು ತೆಗೆಯಲು ಅರ್ಜಿ ಬಂತು. ಕಾರಣ, ಮರಣ. ಚಳಿಗಾಲ, ಊರಲ್ಲೆಲ್ಲ ತೊಗರಿ ರಾಶಿ ನಡೆದಿತ್ತು. ಮನೆಗೆ ಹೋದರೆ ಅಜ್ಜಿ ಕಟ್ಟೆ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ವಿಷಯ ಹೇಳಿದೆ. "ಯಾರ್ರೀ ಮಾಸ್ತರ್ರ, ನಾ ಸತ್ತೀನಿ ಅಂತ ಬರದವ್ರು?" ಅಂದರು. ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ರೇಷನ್ ಕಾರ್ಡ್ ಜೊತೆ ದಾರ ಸುತ್ತಿ ಇಟ್ಟ ವೋಟರ್ ಕಾರ್ಡ್. ದಾರ ಬಿಚ್ಚಿ ನನ್ನ ಕೈಗೆ ಕೊಟ್ಟು, ನಾನು ಓದಿ ಮುಗಿಸುವವರೆಗೂ ಬಾಗಿಲ ಹತ್ತಿರ ನಿಂತೇ ಇದ್ದರು. ಆ ಕಾರ್ಡನ್ನು ಅವರು ಅಷ್ಟು ಜೋಪಾನವಾಗಿ ಇಟ್ಟಿದ್ದರು, ಅವರ ಹೆಸರನ್ನು ಇನ್ಯಾರೋ ಎಲ್ಲೋ ಕೂತು ಒಂದು ಗುಂಡಿ ಒತ್ತಿ ತೆಗೆಯಲು ನೋಡಿದ್ದರು.

ಅಜ್ಜಿ ಮನೆಯಲ್ಲಿದ್ದರು, ಉಳಿದರು. ಬೀಗ ಹಾಕಿದ ಮನೆಗಳ ಕಥೆ ಬೇರೆ. ನಮ್ಮ ಭಾಗದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಅಂತ ಗುಳೆ ಹೋಗುತ್ತಾರೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಓಟಿನ ಹೊತ್ತಿಗೆ ಬಸ್ಸಿನಲ್ಲಿ ನಿಂತುಕೊಂಡಾದರೂ ಬರುತ್ತಾರೆ. ಅಂಥವರ ಮೇಲೆ 'ಊರು ಬಿಟ್ಟಿದ್ದಾರೆ' ಅಂತ ಅರ್ಜಿ ಹಾಕುವುದು ಬಹಳ ಸುಲಭ. ನೋಟಿಸ್ ಯಾರ ಕೈಗೆ ಕೊಡೋದು? ಪಕ್ಕದ ಮನೆಯವರನ್ನು ಕೇಳಿದರೆ ಅವರೂ ಬೀಗ ಹಾಕಿ ಹೋಗಿರುತ್ತಾರೆ. ಮೇಲಿನಿಂದ ಫೋನು ಬೇರೆ, ಇವತ್ತು ಸಂಜೆಯೊಳಗೆ ಮುಗಿಸಿ ಅಂತ. ವರ್ಷಕ್ಕೆ 6,000 ರೂಪಾಯಿ ಗೌರವಧನದಲ್ಲಿ (ಈಗ 12,000 ಮಾಡಿದ್ದಾರೆ, ಸಂತೋಷ) ಶಾಲೆ, ಅಂಗನವಾಡಿ ನೋಡಿಕೊಂಡು ಮನೆಮನೆ ತಿರುಗುವವರು ನಾವು. ಹೆಸರು ಬಿಟ್ಟು ಹೋದರೆ ಮೊದಲು ಅಮಾನತಾಗುವವರೂ ನಾವೇ.

ಆಳಂದದ ದೂರು 2023ರ ಫೆಬ್ರವರಿಯಲ್ಲೇ ದಾಖಲಾಯಿತು. ಸಿಐಡಿ ತನಿಖೆಗೆ ಹೋಯಿತು. ಅರ್ಜಿ ಹಾಕಿದ ಕಂಪ್ಯೂಟರ್, ಮೊಬೈಲ್ ಯಾವುದು ಅಂತ ಹುಡುಕಲು ಚುನಾವಣಾ ಆಯೋಗದಿಂದ ತಾಂತ್ರಿಕ ಮಾಹಿತಿ ಬೇಕು ಎಂದು ಸಿಐಡಿ ಮತ್ತೆ ಮತ್ತೆ ಪತ್ರ ಬರೆಯಿತು. ಆಯೋಗ ಹೇಳುವುದು, ನಮ್ಮಲ್ಲಿದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್‌ನಲ್ಲೇ ಕಲಬುರಗಿ ಎಸ್‌ಪಿ ಅವರಿಗೆ ಕೊಟ್ಟಿದ್ದೇವೆ, ಯಾರ ಹೆಸರನ್ನೂ ತಪ್ಪಾಗಿ ತೆಗೆದಿಲ್ಲ ಅಂತ. ಅದರಲ್ಲಿ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಮೊಬೈಲ್, ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ, ಇತ್ತು ನಿಜ. ಆದರೆ ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ನೂರಾರು ಜನರ ಮೊಬೈಲಿಗೆ ಹಂಚಿರುತ್ತಾರಂತೆ, ಪೋರ್ಟ್ ಸಂಖ್ಯೆ (ಒಂದೇ ಐಪಿ ಬಳಸುವವರನ್ನು ಬೇರೆ ಮಾಡುವ ಸಂಖ್ಯೆ) ಮತ್ತು ಡೆಸ್ಟಿನೇಶನ್ ಐಪಿ (ಅರ್ಜಿ ಹೋಗಿ ತಲುಪಿದ ಕಡೆಯ ವಿಳಾಸ) ಇಲ್ಲದೆ ಅದರೊಳಗೆ ಒಬ್ಬನನ್ನು ಬೇರೆ ಮಾಡುವುದು ಕಷ್ಟ. ಕಂಪ್ಯೂಟರ್ ಕೆಲಸ ಮಾಡುವ ನನ್ನ ಮಗ ಇದನ್ನು ವಿವರಿಸಿದಾಗಲೇ ನನಗೆ ಅರ್ಥವಾಗಿದ್ದು, ಸಿಐಡಿ ಯಾಕೆ ಅದನ್ನೇ ಮತ್ತೆ ಮತ್ತೆ ಕೇಳುತ್ತಿತ್ತು ಅಂತ. ಓಣಿಯ ಹೆಸರು ಕೊಟ್ಟು ಮನೆ ನಂಬರ್ ಕೊಡದಿದ್ದರೆ ಪೋಸ್ಟ್‌ಮನ್ ಎಲ್ಲಿ ಹೋಗಬೇಕು?

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ (ವಿಶೇಷ ತನಿಖಾ ತಂಡ) ರಚಿಸಿತು. ಕಲಬುರಗಿಯ ಒಂದು ಡೇಟಾ ಸೆಂಟರಿನಿಂದ ಈ ಅರ್ಜಿಗಳು ಹೋದವು, ಒಂದಕ್ಕೆ 80 ರೂಪಾಯಿಯಂತೆ ಹಣ ಕೊಟ್ಟಿದ್ದಾರೆ ಎಂದು ತನಿಖೆಯಲ್ಲಿ ಕಂಡುಬಂದದ್ದನ್ನು ಪತ್ರಿಕೆಗಳಲ್ಲಿ ಓದಿದೆವು. 80 ರೂಪಾಯಿ. ಅಂಗಡಿಯಲ್ಲಿ ಅರ್ಧ ಕೆಜಿ ತೊಗರಿಬೇಳೆ ಬರುತ್ತದೆ. ಎಲ್ಲಾ ಸೇರಿಸಿದರೂ 4.8 ಲಕ್ಷದಷ್ಟು ಆಗುತ್ತದೆ, ಒಂದು ಕ್ಷೇತ್ರದ ಫಲಿತಾಂಶವನ್ನೇ ತಿರುಗಿಸಬಲ್ಲ ಕೆಲಸಕ್ಕೆ! ಯಾರು ತಪ್ಪಿತಸ್ಥರು ಅಂತ ಹೇಳುವುದು ನ್ಯಾಯಾಲಯದ ಕೆಲಸ, ನಾನು ಯಾರ ಹೆಸರನ್ನೂ ಎತ್ತುವುದಿಲ್ಲ. ನನ್ನ ಭಯ ಒಂದೇ. 80 ರೂಪಾಯಿಗೆ ಟೈಪ್ ಮಾಡಿದ ಹುಡುಗರು ಸಿಕ್ಕಿಬಿದ್ದು ಪ್ರಕರಣ ಅಲ್ಲಿಗೇ ನಿಲ್ಲಬಾರದು. ಬೇರೆಯವರ ಮೊಬೈಲ್ ನಂಬರಿಗೆ ಹೋಗಬೇಕಾದ ಒಟಿಪಿ ಅವರಿಗೆ ಹೇಗೆ ಸಿಕ್ಕಿತು? ಪಟ್ಟಿಯಲ್ಲಿ ಯಾರನ್ನು ತೆಗೆಯಬೇಕು ಅಂತ ಆರಿಸಿಕೊಟ್ಟವರು ಯಾರು? ಕಚೇರಿಯ ಒಳಗಿನವರು ಯಾರಾದರೂ ಕೈಜೋಡಿಸಿದ್ದರಾ? ಇದಕ್ಕೆಲ್ಲ ಉತ್ತರ ಬೇಕು.

ಇದು ಆಳಂದದ್ದು ಮಾತ್ರ ಅಲ್ಲ. ಅದಕ್ಕೂ ಸ್ವಲ್ಪ ಮುಂಚೆ, 2022ರ ನವೆಂಬರ್‌ನಲ್ಲಿ, ಬೆಂಗಳೂರಿನ ಚಿಲುಮೆ ಪ್ರಕರಣ ನೆನಪಿದೆಯಲ್ವಾ? ಮತದಾರರ ಜಾಗೃತಿ ಅಂತ ಬಿಬಿಎಂಪಿಯಿಂದ ಅನುಮತಿ ಪಡೆದ ಸಂಸ್ಥೆಯ ಜನ ಬಿಎಲ್‌ಒ ಅಂತ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಗೆ ಹೋಗಿ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ ಬಂತು. ಆಯೋಗವೇ ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತು ಮಾಡಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಹೇಳಿತು. ಆಮೇಲೆ ಆ ಸುದ್ದಿ ತಣ್ಣಗಾಯಿತು.

ಆಗ ಇದ್ದದ್ದು ಒಂದು ಪಕ್ಷದ ಸರ್ಕಾರ, ಈಗಿನದು ಇನ್ನೊಂದು ಪಕ್ಷದ್ದು, ಹಾಗಾಗಿ ಇದು ಅವರ ಮೇಲಿನ ಸೇಡು ಅಂತ ಕೆಲವರು ಹೇಳುತ್ತಾರೆ. ಹಾಗಾದರೆ ಎಲ್ಲರದ್ದೂ ನೋಡಲಿ. 2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಒಬ್ಬ ನೌಕರ ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡ ಮೇಲೆ ಅಲ್ಲಿನ ಹಣ ದುರ್ಬಳಕೆಯ ಹಗರಣ ಹೊರಬಂತು. ಪರಿಶಿಷ್ಟ ಪಂಗಡದ ಜನರ ಆ ದುಡ್ಡಿನಲ್ಲಿ ಒಂದು ಭಾಗ ಬಳ್ಳಾರಿ ಲೋಕಸಭಾ ಚುನಾವಣೆಗೆ ಹೋಗಿದೆ ಎಂದು ಇ.ಡಿ. (ಜಾರಿ ನಿರ್ದೇಶನಾಲಯ) ಆರೋಪಿಸಿದೆ. ಸರ್ಕಾರದ ಖಜಾನೆ ಬಗೆಯುವುದು, ಮತಪಟ್ಟಿ ತಿದ್ದುವುದು, ಇವೆರಡೂ ಬೇರೆ ಬೇರೆ ಅಂತ ನನಗನ್ನಿಸುವುದಿಲ್ಲ. ಒಂದರ ದುಡ್ಡು ಇನ್ನೊಂದಕ್ಕೆ ಹೋಗುತ್ತದೆ, ಗೆದ್ದ ಮೇಲೆ ಅದು ಬಡ್ಡಿ ಸಮೇತ ಕಾಮಗಾರಿ ಬಿಲ್ಲಿನಲ್ಲಿ ವಾಪಸ್ ಬರುತ್ತದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಹೈಕೋರ್ಟ್ ಉಸ್ತುವಾರಿಯಲ್ಲಿ, ನಿವೃತ್ತ ನ್ಯಾಯಮೂರ್ತಿಗಳೊಬ್ಬರ ನೇತೃತ್ವದಲ್ಲಿ, ಸೈಬರ್ ಬಲ್ಲ ನಾಲ್ಕು ಜನರನ್ನು ಜೊತೆಗೆ ಕೊಟ್ಟು ವಿಚಾರಣೆ ನಡೆಯಲಿ. ಬರೀ ರಾಜ್ಯ ಸರ್ಕಾರ ನೇಮಿಸಿದರೆ ಆಯೋಗ ಒಪ್ಪುವುದಿಲ್ಲ, ಬರೀ ಆಯೋಗ ನಡೆಸಿದರೆ ಜನ ನಂಬುವುದಿಲ್ಲ. ಗುತ್ತಿಗೆದಾರರ ಸಂಘದ 40 ಪರ್ಸೆಂಟ್ ಕಮಿಷನ್ ಆರೋಪಕ್ಕೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಅವರ ಆಯೋಗ ಮಾಡಿ ವರದಿ ತರಿಸಿಕೊಂಡಿದ್ದಾರೆ, ಇದಕ್ಕೆ ಯಾಕಾಗಬಾರದು? ಆಳಂದ ಮಾತ್ರ ಸಾಲದು, 2023ರ ಚುನಾವಣೆಗೆ ಮುಂಚಿನ ಒಂದು ವರ್ಷ 224 ಕ್ಷೇತ್ರಗಳಲ್ಲೂ ಬಂದ ಫಾರ್ಮ್ 7 ಅರ್ಜಿಗಳನ್ನು ತೆಗೆದು ನೋಡಲಿ.

ಇನ್ನೊಂದು ಮಾತು, ಇದು ಹೆಚ್ಚು ಜನರಿಗೆ ಗೊತ್ತಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 32ನೇ ಕಲಂ ಪ್ರಕಾರ ಮತಪಟ್ಟಿ ಕೆಲಸದಲ್ಲಿ ಕರ್ತವ್ಯ ತಪ್ಪಿದ ಅಧಿಕಾರಿಗೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು. ಆದರೆ ಚುನಾವಣಾ ಆಯೋಗ ಅಥವಾ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಅನುಮತಿಸಿ ದೂರು ಕೊಟ್ಟರೆ ಮಾತ್ರ ಕೋರ್ಟು ಅದನ್ನು ಕೈಗೆತ್ತಿಕೊಳ್ಳಬಹುದು. ಅಂದರೆ ಅಧಿಕಾರಿಗಳ ವಿರುದ್ಧ ಈ ಬಾಗಿಲಿನ ಕೀಲಿ ಇರುವುದು ಆಯೋಗದ ಕೈಯಲ್ಲೇ. ಒಳಗಿನವರ ಪಾಲು ಕಂಡುಬಂದರೆ ಆಯೋಗ ತಾನೇ ಮುಂದೆ ಬಂದು ದೂರು ಕೊಡಲಿ. ಫಾರ್ಮ್ 7ಕ್ಕೆ ಆಧಾರ್ ಇ-ಸಹಿ ಬೇಕು ಅಂತ 2025ರಲ್ಲಿ ಮಾಡಿದ್ದು ಒಳ್ಳೆಯದೇ. ಅದು ಮುಂದಿನದಕ್ಕಾಯಿತು, ಹಿಂದಿನ 5,994ಕ್ಕೆ ಉತ್ತರ ಯಾರು ಕೊಡಬೇಕು?

ವಿಚಾರಣೆಯ ಮೊದಲ ದಿನ ಬೆಂಗಳೂರಿನ ದೊಡ್ಡ ಕಟ್ಟಡದಲ್ಲಿ ಬೇಡ, ಆಳಂದದಲ್ಲೇ ಆಗಲಿ. ಯಾರ ಹೆಸರು ಬಳಸಿಕೊಂಡು ನೆರೆಮನೆಯವರ ಓಟು ತೆಗೆಯಲು ಅರ್ಜಿ ಹಾಕಿದರೋ, ಅವರನ್ನು ಮೊದಲು ಕರೆದು ಕೂರಿಸಿ ಕೇಳಲಿ. ಆ ಬಿಎಲ್‌ಒ ಅಮ್ಮನನ್ನೂ ಕರೆಯಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ
ಕಲಬುರಗಿ ಜಿಲ್ಲೆ