ಮಳೆಗಾಲಕ್ಕೆ ಮುಂಚೆ ಹಿರಿಯರ ಫ್ಲೂ ಇಂಜೆಕ್ಷನ್

ರಾಯಚೂರಿನ ಹಿರಿಯ ಸದಸ್ಯರಿಗೆಲ್ಲ ನಮಸ್ಕಾರ. ಫ್ಲೂ ಇಂಜೆಕ್ಷನ್ ತಗೊಳ್ಳುವವರು ಮೇ ಕೊನೆಯೊಳಗೆ ತಗೊಂಡುಬಿಡಿ. ರಕ್ಷಣೆ ಬರಲು ಸುಮಾರು 2 ವಾರ ಬೇಕು, ಮಳೆ ಹಿಡಿದ ಮೇಲೆ ಫ್ಲೂ ಹೆಚ್ಚುತ್ತದೆ. ಹೋದ ವರ್ಷ ಹಾಕಿಸಿಕೊಂಡದ್ದು ಈ ವರ್ಷಕ್ಕೆ ಸಾಲದು.

ನಮ್ಮೂರ ಬಿಸಿಲಲ್ಲಿ ದೊಡ್ಡ ತೊಂದರೆ ಲಸಿಕೆ ಕೆಡುವುದು. ಅದು 2ರಿಂದ 8 ಡಿಗ್ರಿಯೊಳಗೇ ಇರಬೇಕು. ದಯವಿಟ್ಟು ಅಂಗಡಿಯಿಂದ ಕೈಚೀಲದಲ್ಲಿ ತರಬೇಡಿ. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದರೂ ಕೆಟ್ಟಂತೆಯೇ, ಕರಗಿಸಿ ಬಳಸುವಂತಿಲ್ಲ. ಲಸಿಕೆ ಫ್ರಿಜ್‌ನಲ್ಲಿಟ್ಟಿರುವ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳುವುದು ಒಳ್ಳೆಯದು. ಡಬ್ಬಿಯ ಮೇಲೆ ಯಾವ ವರ್ಷದ್ದೆಂದು ಕೇಳಿ ನೋಡಿ.

ಪ್ರಮಾಣ 0.5 ಮಿ.ಲೀ., ರಟ್ಟೆಗೆ. ತೋಳು ಸಡಿಲ ಇರುವ ಬಟ್ಟೆ ಹಾಕಿಕೊಳ್ಳಿ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು ಮೊದಲೇ ಹೇಳಿ. ಸೂಜಿ ತೆಗೆದ ಮೇಲೆ ಕನಿಷ್ಠ 2 ನಿಮಿಷ ಒತ್ತಿ ಹಿಡಿಯಿರಿ, ತಿಕ್ಕಿದರೆ ರಕ್ತ ಕಟ್ಟಿ ನೀಲಿಯಾಗುತ್ತದೆ. ಬಿಪಿ, ಶುಗರ್ ಗುಳಿಗೆ ಎಂದಿನಂತೆ ನುಂಗಿ. ಜೋರು ಜ್ವರವಿದ್ದರೆ ಮುಂದೂಡಿ.

ನಂತರ 15 ನಿಮಿಷ ಅಲ್ಲೇ ಕೂತಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ರಟ್ಟೆನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಅದು ಫ್ಲೂ ಅಲ್ಲ, ಈ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರುವುದಿಲ್ಲ.